ಅವರೆಕಾಯಿಯ ಕಾಲದಲ್ಲಿ ಹನ್ನೆರಡು ಮಂದಿ ಕೂಡಿ ಅಡುಗೆ ಮಾಡಿ ಉಣ್ಣುವ ಬಗೆ

ಡಿಸೆಂಬರ್ ನಡುವಿನಿಂದ ಸಂಕ್ರಾಂತಿ ಕಳೆದು ಒಂದೆರಡು ವಾರದವರೆಗೆ ಹಳೆಯ ಮೈಸೂರು ಸೀಮೆಯ ಅಡುಗೆಮನೆಗಳಲ್ಲಿ ಅವರೆಕಾಯಿಯದೇ ಪಾರುಪತ್ಯ. ಈ ಐದಾರು ವಾರಗಳಲ್ಲಿ ಒಂದು ಭಾನುವಾರವನ್ನು ಆರಿಸಿಕೊಂಡು, ಊಟದಲ್ಲಿ ನಿಜವಾದ ಆಸಕ್ತಿಯುಳ್ಳ ಹತ್ತು ಹನ್ನೆರಡು ಮಂದಿ ಒಂದೇ ಮನೆಯಲ್ಲಿ ಸೇರಿ, ಕಾಯಿ ಬಿಡಿಸುವುದರಿಂದ ಹಿಡಿದು ಎಲೆ ಎತ್ತುವವರೆಗೆ ಎಲ್ಲವನ್ನೂ ಹಂಚಿಕೊಂಡು ಮಾಡುವ ಊಟವನ್ನು ನಾವು ಎಂಟು ವರ್ಷಗಳಿಂದ ನಡೆಸಿಕೊಂಡು ಬಂದಿದ್ದೇವೆ. ಹಾಗೆ ನಡೆಸುವುದು ಹೇಗೆ, ಎಷ್ಟು ಸಾಮಾನು ಬೇಕು, ಯಾವ ಪದಾರ್ಥವನ್ನು ಮನೆಯಿಂದ ಮಾಡಿ ತರಬಹುದು, ಯಾವುದನ್ನು ಅಲ್ಲಿಯೇ ಒಲೆಯ ಮುಂದೆ ಮಾಡಬೇಕು ಎಂಬುದನ್ನು ಇಲ್ಲಿ ವಿವರವಾಗಿ ಬರೆದಿದ್ದೇನೆ.

ಮೊದಲ ವರ್ಷ ನಾವು ಮಾಡಿದ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಎಲ್ಲರೂ ತಮಗೆ ಇಷ್ಟವಾದ ಒಂದೊಂದು ಪದಾರ್ಥವನ್ನು ಮಾಡಿ ತರಬೇಕೆಂದು ಮಾತನಾಡಿಕೊಂಡೆವು. ಬಂದ ಹನ್ನೊಂದು ಪಾತ್ರೆಗಳಲ್ಲಿ ಐದು ಪಾತ್ರೆ ತುಂಬ ಸಾರೇ ಇತ್ತು. ಅನ್ನ ಸಾಲಲಿಲ್ಲ, ರೊಟ್ಟಿ ತರಬೇಕೆಂದು ಯಾರಿಗೂ ತೋಚಿರಲಿಲ್ಲ, ಬಿಸಿ ಮಾಡಲು ನಾಲ್ಕು ಒಲೆಗಳು ಸಾಲದೆ ಊಟ ಮೂರು ಗಂಟೆಯವರೆಗೆ ತಡವಾಯಿತು. ಒಬ್ಬೊಬ್ಬರ ಸಾರೂ ರುಚಿಯಾಗಿಯೇ ಇತ್ತು, ಆದರೆ ಐದನ್ನೂ ಒಂದೇ ಎಲೆಯ ಮೇಲೆ ಬಡಿಸಿಕೊಂಡಾಗ ಯಾವುದರ ರುಚಿಯೂ ನಾಲಿಗೆಗೆ ಬಿಡಿಯಾಗಿ ಸಿಗಲಿಲ್ಲ. ಅಂದಿನಿಂದ ನಾವು ಪಾಲಿಸುತ್ತಿರುವ ಕ್ರಮ ಒಂದೇ: ಪದಾರ್ಥಗಳು ಆರಕ್ಕಿಂತ ಹೆಚ್ಚಿರಬಾರದು, ಆದರೆ ಪ್ರತಿಯೊಂದು ಪದಾರ್ಥದ ಹಿಂದೆಯೂ ಇಬ್ಬರ ಕೈ ಇರಬೇಕು. ಹನ್ನೆರಡು ಮಂದಿ ಹನ್ನೆರಡು ಪಾತ್ರೆ ಹೊತ್ತು ತರುವುದಕ್ಕಿಂತ, ಹನ್ನೆರಡು ಮಂದಿ ಸೇರಿ ಆರು ಪದಾರ್ಥಗಳನ್ನು ಮಾಡುವುದು ಊಟಕ್ಕೂ ಒಳ್ಳೆಯದು, ಕಲಿಯುವುದಕ್ಕೂ ಒಳ್ಳೆಯದು.

ದಿನ ಮತ್ತು ಕಾಯಿ

ಅವರೆಕಾಯಿಯ ಊಟಕ್ಕೆ ದಿನವನ್ನು ನಿಗದಿ ಮಾಡುವವರು ಮಾರುಕಟ್ಟೆಯನ್ನು ನೋಡಿ ನಿಗದಿ ಮಾಡಬೇಕು. ನಾಟಿ ಅವರೆ ಹಗಲು ಕಿರಿದಾದಾಗ ಮಾತ್ರ ಹೂ ಬಿಡುವ ಗಿಡ. ಆದ್ದರಿಂದಲೇ ಅದು ಚಳಿಗಾಲದ ಬೆಳೆ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಅಭಿವೃದ್ಧಿಪಡಿಸಿದ ಹೆಬ್ಬಾಳ ಅವರೆ 3, ಹೆಬ್ಬಾಳ ಅವರೆ 4ರಂಥ ತಳಿಗಳು ಹಗಲಿನ ಉದ್ದವನ್ನು ಲೆಕ್ಕಿಸದೆ ಹೂ ಬಿಡುವುದರಿಂದ ಬೇರೆ ತಿಂಗಳುಗಳಲ್ಲೂ ಅವರೆಕಾಯಿ ಸಿಗುವಂತಾಗಿದೆ. ನಿತ್ಯದ ಹುಳಿಗೆ ಅವು ಸಾಕು. ಆದರೆ ಸ್ನೇಹಿತರನ್ನು ಕರೆದು ಉಣಿಸುವ ಊಟಕ್ಕೆ ಸೊಗಡು ಬೇಕು, ಸೊಗಡಿಗೆ ಚಳಿ ಬೇಕು. ಮಂಜು ಬಿದ್ದಷ್ಟೂ ಸೊಗಡು ಏರುತ್ತದೆ ಎಂದು ಬೆಳೆಯುವವರು ಹೇಳುವ ಮಾತನ್ನು ನಾನು ಕೊಳ್ಳುವಾಗ ನೆನಪಿನಲ್ಲಿಟ್ಟುಕೊಳ್ಳುತ್ತೇನೆ. ಡಿಸೆಂಬರ್ ಕೊನೆಯ ವಾರದಿಂದ ಜನವರಿ ಮೂರನೆಯ ವಾರದವರೆಗಿನ ಭಾನುವಾರಗಳೇ ಉತ್ತಮ.

ಸೊಗಡು ಕಾಳಿನಲ್ಲಿಲ್ಲ, ಸಿಪ್ಪೆಯ ಮೇಲಿನ ಅಂಟಾದ ಎಣ್ಣೆಯಲ್ಲಿದೆ. ಕೊಳ್ಳುವಾಗ ಎರಡು ಕಾಯಿಗಳನ್ನು ಅಂಗೈಯಲ್ಲಿ ಉಜ್ಜಿ ನೋಡಬೇಕು. ಬೆರಳಿಗೆ ಜಿಗುಟು ಹತ್ತಿ, ಕೈ ತೊಳೆದ ಮೇಲೂ ಪರಿಮಳ ಉಳಿಯುವಂತಿದ್ದರೆ ಅದು ಸೊಗಡವರೆ. ಕಾಯಿ ತುಂಬಿಕೊಂಡು, ಒಳಗಿನ ಕಾಳಿನ ಉಬ್ಬು ಹೊರಗೆ ಕಾಣುತ್ತಿರಬೇಕು. ಹಳದಿಗೆ ತಿರುಗಿದ ಕಾಯಿಯ ಕಾಳು ಬಲಿತಿರುತ್ತದೆ, ಅದು ಇಡೀ ಕಾಳಿನ ಸಾರಿಗೆ ಬಂದೀತೇ ಹೊರತು ಹಿತಕಲು, ಅಂದರೆ ನೆನೆದ ಕಾಳನ್ನು ಬೆರಳಿನಲ್ಲಿ ಒತ್ತಿ ಸಿಪ್ಪೆ ಕಳಚಲು, ಹಿತವಲ್ಲ. ಸಣ್ಣ ತೂತುಗಳಿರುವ ಕಾಯಿಯೊಳಗೆ ಹುಳು ಇರುತ್ತದೆ. ಅವರೆಗೆ ಹುಳು ಸಹಜವಾದದ್ದರಿಂದ ಕಿಲೋಗೆ ಒಂದು ಹಿಡಿಯಷ್ಟು ನಷ್ಟವನ್ನು ಲೆಕ್ಕದಲ್ಲಿ ಸೇರಿಸಿಕೊಂಡೇ ಕೊಳ್ಳಬೇಕು.

ಲೆಕ್ಕ ಹೀಗಿದೆ. ಒಂದು ಕಿಲೋ ಒಳ್ಳೆಯ ಕಾಯಿ ಬಿಡಿಸಿದರೆ ನನಗೆ ಸುಮಾರು 400 ಗ್ರಾಂ ಕಾಳು ಸಿಗುತ್ತದೆ. ಆ ಕಾಳನ್ನು ನೆನೆಸಿ ಹಿತಕಿದರೆ 300 ಗ್ರಾಂ ಬೇಳೆ ಉಳಿಯುತ್ತದೆ. ಹನ್ನೆರಡು ಮಂದಿಯ ಸಾರಿಗೆ 800 ಗ್ರಾಂ ಬೇಳೆ, ಒಬ್ಬಟ್ಟಿನ ಹೂರಣಕ್ಕೆ 500 ಗ್ರಾಂ ಬೇಳೆ, ಅಕ್ಕಿ ರೊಟ್ಟಿಗೆ 400 ಗ್ರಾಂ ಹಿತಕದ ಕಾಳು ಬೇಕಾಗುತ್ತದೆ. ಎಲ್ಲ ಸೇರಿ 6 ಕಿಲೋ ಕಾಯಿ ಕೊಂಡರೆ ಹುಳುಕು ಕಳೆದೂ ಸರಿಹೋಗುತ್ತದೆ. ಕರಿದ ಬೇಳೆಗೆ ಬೇಕಾದ ಕಾಯಿಯನ್ನು, ಅದನ್ನು ಮಾಡಿ ತರುವವರು ಮೂರು ದಿನ ಮೊದಲೇ ಬೇರೆಯಾಗಿ ಕೊಳ್ಳಬೇಕು.

ಆರು ಪದಾರ್ಥಗಳು, ಯಾರ ಪಾಲಿಗೆ ಯಾವುದು

ನಮ್ಮ ಎಲೆಯಲ್ಲಿ ಪ್ರತಿವರ್ಷ ಕಡ್ಡಾಯವಾಗಿ ಇರುವುದು ಹಿತಕಿದ ಬೇಳೆಯ ಸಾರು, ಅದಕ್ಕೆ ಜೊತೆಯಾಗಿ ರಾಗಿ ಮುದ್ದೆ ಮತ್ತು ಅನ್ನ, ಬಿಸಿ ಅಕ್ಕಿ ರೊಟ್ಟಿ, ಕರಿದ ಅವರೆಬೇಳೆ, ಒಂದು ಸಿಹಿ. ಆರನೆಯದು ಪ್ರತಿವರ್ಷ ಬದಲಾಗುವ ಹೊಸ ಪದಾರ್ಥ. ಮಾಡಿ ನೋಡುವ ಉತ್ಸಾಹ ಎಲ್ಲರಿಗೂ ಇರುತ್ತದೆ, ಇರಲೂಬೇಕು. ಆದರೆ ಒಂದು ಊಟದಲ್ಲಿ ಒಂದೇ ಹೊಸ ಪ್ರಯೋಗ ಇರಲಿ, ಅದನ್ನು ಮಾಡುವವರು ತಮ್ಮ ಮನೆಯಲ್ಲಿ ನಾಲ್ಕು ಮಂದಿಯ ಅಳತೆಯಲ್ಲಿ ಒಮ್ಮೆ ಮಾಡಿ ನೋಡಿರಲಿ. ಧಾರವಾಡದ ಕಡೆಯ ಗೆಳತಿಯೊಬ್ಬರು ಒಂದು ವರ್ಷ ಹಿತಕಿದ ಬೇಳೆಗೆ ಗುರೆಳ್ಳು ಪುಡಿ ಹಾಕಿ ಒಣ ಪಲ್ಯ ಮಾಡಿ, ತೆಳ್ಳಗಿನ ಜೋಳದ ರೊಟ್ಟಿಯ ಜೊತೆ ಬಡಿಸಿದರು. ಅವರ ಊರಿನ ರೊಟ್ಟಿಗೆ ನಮ್ಮ ಸೀಮೆಯ ಕಾಳು ಅಷ್ಟು ಹೊಂದಿಕೊಂಡೀತೆಂದು ನಾನು ಎಣಿಸಿರಲಿಲ್ಲ. ಈಗ ಆ ಪಲ್ಯವನ್ನು ನಮ್ಮ ಮನೆಯಲ್ಲಿ ತಿಂಗಳಿಗೊಮ್ಮೆಯಾದರೂ ಮಾಡುತ್ತೇವೆ.

ಹಂಚುವಾಗ ನೋಡಬೇಕಾದದ್ದು ಯಾರಿಗೆ ಯಾವುದು ಇಷ್ಟ ಎಂಬುದಕ್ಕಿಂತ ಹೆಚ್ಚಾಗಿ, ಯಾವ ಪದಾರ್ಥ ಪ್ರಯಾಣವನ್ನು ತಾಳುತ್ತದೆ ಎಂಬುದನ್ನು. ಕರಿದ ಬೇಳೆ, ಚಟ್ನಿಪುಡಿ, ಉಪ್ಪಿನಕಾಯಿ, ಕಾಯಿಸಿದ ತುಪ್ಪ, ಮನೆಯ ಬೆಣ್ಣೆ ಇವು ದೂರದಿಂದ ಬರುವವರ ಪಾಲು. ತೆಂಗಿನಕಾಯಿ ರುಬ್ಬಿ ಹಾಕಿದ ಸಾರು, ರೊಟ್ಟಿ, ಮುದ್ದೆ ಇವು ಆತಿಥೇಯರ ಅಡುಗೆಮನೆಯಲ್ಲಿಯೇ ಆಗಬೇಕು. ಒಮ್ಮೆ ಕೋಲಾರದ ಕಡೆಯಿಂದ ಬಂದವರೊಬ್ಬರು ಬಿಸಿ ಸಾರನ್ನು ಸ್ಟೀಲ್ ಡಬ್ಬಿಯಲ್ಲಿ ಬಿಗಿಯಾಗಿ ಮುಚ್ಚಿ ಬಸ್ಸಿನಲ್ಲಿ ತಂದರು. ಅದು ಬಿಸಿಯಾಗಿಯೂ ಉಳಿಯದೆ ಆರಿಯೂ ಹೋಗದೆ ಉಗುರುಬೆಚ್ಚಗೆ ನಾಲ್ಕು ಗಂಟೆ ಕಳೆದಿತ್ತು, ತೆರೆದಾಗ ಹುಳಿವಾಸನೆ ಬಂದಿತ್ತು. ಅವರ ಒಂದು ರಾತ್ರಿಯ ಶ್ರಮ ಹಾಗೆ ಹೋದದ್ದು ನಮಗೆಲ್ಲ ನೋವಾಯಿತು. ದೂರದಿಂದ ಬರುವವರು ಸಾರು ತರಲೇಬೇಕೆಂದಿದ್ದರೆ ಹುರಿದ ಮಸಾಲೆಯನ್ನು ಒಣ ಪುಡಿಯಾಗಿ, ಹಿತಕಿದ ಬೇಳೆಯನ್ನು ಹಸಿಯಾಗಿ ತಣ್ಣನೆಯ ಡಬ್ಬಿಯಲ್ಲಿ ಬೇರೆ ಬೇರೆ ತಂದು, ಇಲ್ಲಿ ಕಾಯಿ ರುಬ್ಬಿ ಕೂಡಿಸುವುದು ಕ್ಷೇಮ. ಬೆಂದ ಪದಾರ್ಥ ಯಾವುದೇ ಆಗಲಿ, ಕೈ ತಾಗಿಸಲಾಗದಷ್ಟು ಬಿಸಿಯಾಗಿರಬೇಕು ಇಲ್ಲವೇ ಫ್ರಿಜ್‌ನಲ್ಲಿರಬೇಕು. ನಡುವಿನ ಬೆಚ್ಚನೆಯ ಸ್ಥಿತಿಯಲ್ಲಿ ಎರಡು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು.

ಕರೆಯುವಾಗಲೇ ಕೇಳಬೇಕಾದ ಮಾತುಗಳೂ ಕೆಲವಿವೆ. ಈರುಳ್ಳಿ ಬೆಳ್ಳುಳ್ಳಿ ಯಾರು ತಿನ್ನುವುದಿಲ್ಲ, ಕಡಲೆಕಾಯಿ ಯಾರಿಗೆ ಆಗುವುದಿಲ್ಲ, ಸಕ್ಕರೆ ಕಾಯಿಲೆಯವರು ಯಾರು ಎಂದು ಸಂಕೋಚವಿಲ್ಲದೆ ವಿಚಾರಿಸಬೇಕು. ಅವರೆಕಾಳಿನ ಜೊತೆ ಕುರಿ ಮಾಂಸ ಹಾಕಿ ಮಾಡುವ ಸಾರು ನಮ್ಮ ಸೀಮೆಯ ಬಹಳ ಮನೆಗಳಲ್ಲಿ ಈ ಕಾಲದ ಹೆಮ್ಮೆಯ ಅಡುಗೆ. ಎಲ್ಲರೂ ಒಪ್ಪುವ ಕೂಟವಾದರೆ ಅದನ್ನೇ ಊಟದ ಮುಖ್ಯ ಪದಾರ್ಥವಾಗಿಸಬಹುದು. ಇಬ್ಬರು ಒಪ್ಪದಿದ್ದರೂ ಒಲೆ, ಸೌಟು, ಪಾತ್ರೆ ಎಲ್ಲವನ್ನೂ ಬೇರೆ ಇಟ್ಟುಕೊಳ್ಳಬೇಕಾಗುತ್ತದೆ. ಸಣ್ಣ ಅಡುಗೆಮನೆಯಲ್ಲಿ ಅದು ಸಾಧ್ಯವಾಗದಿದ್ದರೆ ಆ ಸಾರಿಗೆ ಇನ್ನೊಂದು ಭಾನುವಾರವನ್ನು ಮೀಸಲಿಡುವುದು ಮೇಲು.

ಹಿಂದಿನ ದಿನದ ಕೆಲಸ

ಶನಿವಾರ ಮಧ್ಯಾಹ್ನ ಆರು ಮಂದಿಯಾದರೂ ಬಂದರೆ 6 ಕಿಲೋ ಕಾಯಿ ಒಂದೂವರೆ ಗಂಟೆಯಲ್ಲಿ ಬಿಡಿಸಿ ಮುಗಿಯುತ್ತದೆ. ನೆಲದ ಮೇಲೆ ಹಳೆಯ ಸೀರೆ ಹಾಸಿ, ನಡುವೆ ಕಾಯಿಯ ರಾಶಿ ಸುರಿದುಕೊಂಡು ಕೂರಬೇಕು. ಬಿಡಿಸುವಾಗಲೇ ಎಳೆಯ ಕಾಳು, ತುಂಬಿದ ಕಾಳು ಎಂದು ಎರಡು ಮೊರಗಳಲ್ಲಿ ಬೇರೆ ಮಾಡಿದರೆ ಮುಂದಿನ ಕೆಲಸ ಬಹಳ ಸಲೀಸಾಗುತ್ತದೆ. ಎಳೆಯದು ರೊಟ್ಟಿಗೆ, ತುಂಬಿದ ಕಾಳು ಹಿತಕಲು. ಕೈ ತುಂಬ ಸೊಗಡು ಹತ್ತಿಕೊಂಡು ಉಗುರಿನ ಸಂದು ಕಪ್ಪಾಗುತ್ತದೆ. ಅದು ಬೇಡವೆನ್ನುವವರು ಮೊದಲೇ ಬೆರಳಿಗೆ ಸ್ವಲ್ಪ ಎಣ್ಣೆ ಸವರಿಕೊಳ್ಳಬಹುದು.

ಹಿತಕುವ ಕಾಳನ್ನು ಸಂಜೆ ಆರಕ್ಕೆ ಧಾರಾಳ ನೀರಿನಲ್ಲಿ ನೆನೆಹಾಕಿದರೆ ಬೆಳಗ್ಗೆ ಹೊತ್ತಿಗೆ ಸಿಪ್ಪೆ ಸಡಿಲವಾಗಿರುತ್ತದೆ. ಬೆಳಗ್ಗೆ ಏಳಕ್ಕೆ ಆ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಎರಡು ಸಲ ತೊಳೆದು ಹಿತಕಲು ಕೂರಬೇಕು. ಕಾಳನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮೊಳಕೆಯ ಕಡೆ ಮುಂದಾಗಿ ಹಿಡಿದು ಮೆಲ್ಲಗೆ ಒತ್ತಿದರೆ ಬೇಳೆ ಜಾರಿ ಹೊರಬರುತ್ತದೆ. ಗೊತ್ತಿಲ್ಲದವರು ಜೋರಾಗಿ ಒತ್ತುತ್ತಾರೆ, ಆಗ ಬೇಳೆ ಎರಡು ಹೋಳಾಗಿ ಎದುರಿದ್ದವರ ಮೇಲೆ ಹಾರುತ್ತದೆ. ಹತ್ತು ನಿಮಿಷ ಪಕ್ಕದಲ್ಲಿ ಕುಳಿತು ತೋರಿಸಿದರೆ ಯಾರಿಗಾದರೂ ಕೈ ಕೂಡುತ್ತದೆ. ನಮ್ಮ ಕೂಟದಲ್ಲಿ ಅತ್ಯಂತ ವೇಗವಾಗಿ ಹಿತಕುವವರು ಎದುರು ಮನೆಯ ಅಜ್ಜಿ. ಅವರ ಎರಡೂ ಕೈಗಳು ಏಕಕಾಲಕ್ಕೆ ನಡೆಯುತ್ತವೆ, ಮಾತು ನಿಲ್ಲುವುದಿಲ್ಲ, ಒಂದು ಬೇಳೆಯೂ ಒಡೆಯುವುದಿಲ್ಲ. ಹೊಸಬರನ್ನು ಅವರ ಪಕ್ಕದಲ್ಲಿಯೇ ಕೂರಿಸುವುದು ನಮ್ಮ ರೂಢಿ.

ಸೊಗಡೆಲ್ಲ ಸಿಪ್ಪೆಯ ಜೊತೆ ಹೋಗಿಬಿಡುತ್ತದಲ್ಲ ಎಂದು ಮರುಗುವವರಿದ್ದಾರೆ. ಅದಕ್ಕೆ ನಾವು ಕಂಡುಕೊಂಡ ಉಪಾಯವೆಂದರೆ, ಕಾಯಿಯ ಹೊರ ಸಿಪ್ಪೆಗಳಲ್ಲಿ ಹುಳುಕಿಲ್ಲದ ಹತ್ತು ಹದಿನೈದನ್ನು ಚೆನ್ನಾಗಿ ತೊಳೆದು ತೆಳುಬಟ್ಟೆಯಲ್ಲಿ ಗಂಟು ಕಟ್ಟಿ, ಸಾರಿನ ಬೇಳೆ ಬೇಯುವ ನೀರಿನಲ್ಲಿ ಇಳಿಬಿಟ್ಟು, ಬೇಳೆ ಹಾಕುವ ಮೊದಲು ತೆಗೆಯುವುದು. ಮೂರು ನಿಮಿಷ ಸಾಕು, ಹೆಚ್ಚಾದರೆ ನೀರು ಕಹಿಯಾಗುತ್ತದೆ.

ಶನಿವಾರವೇ ಮುಗಿಸಬಹುದಾದ ಇತರ ಕೆಲಸಗಳೆಂದರೆ ಮಸಾಲೆ ಹುರಿದು ಪುಡಿ ಮಾಡುವುದು, ತುಪ್ಪ ಕಾಯಿಸುವುದು, ಮಜ್ಜಿಗೆಗೆ ಹೆಪ್ಪು ಹಾಕುವುದು, ಎಲೆ ತೊಳೆದು ಒರೆಸಿಡುವುದು. ಕಾಯಿ ತುರಿಯುವುದನ್ನು ಮಾತ್ರ ಭಾನುವಾರಕ್ಕೇ ಬಿಡಿ.

ಹಿತಕಿದ ಬೇಳೆಯ ಸಾರು

ಈ ಊಟದ ಜೀವಾಳ ಇದೇ ಆದ್ದರಿಂದ ಇಲ್ಲಿ ಅಳತೆಗಳನ್ನು ಪೂರ್ತಿಯಾಗಿ ಕೊಡುತ್ತೇನೆ. 800 ಗ್ರಾಂ ಬೇಳೆಗೆ ನಾಲ್ಕು ದೊಡ್ಡ ಚಮಚ ಧನಿಯಾ, ಹನ್ನೆರಡು ಬ್ಯಾಡಗಿ ಮೆಣಸಿನಕಾಯಿ, ಆರು ಗುಂಟೂರು ಮೆಣಸಿನಕಾಯಿ, ಒಂದು ಚಮಚ ಜೀರಿಗೆ, ಅರ್ಧ ಚಮಚ ಕಾಳುಮೆಣಸು, ಎರಡು ಅಂಗುಲದ ಚಕ್ಕೆ, ಆರು ಲವಂಗ, ಎರಡು ಚಮಚ ಗಸಗಸೆ, ಮೂರು ಚಮಚ ಹುರಿಗಡಲೆ, ಒಂದು ದೊಡ್ಡ ತೆಂಗಿನಕಾಯಿಯ ತುರಿ, ನಾಲ್ಕು ಈರುಳ್ಳಿ, ಎರಡು ಗಡ್ಡೆ ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ನಾಲ್ಕು ಟೊಮೇಟೊ, ಒಂದು ಕಟ್ಟು ಕೊತ್ತಂಬರಿ ಸೊಪ್ಪು, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು ಬೇಕು.

ಧನಿಯಾ, ಮೆಣಸಿನಕಾಯಿ, ಜೀರಿಗೆ, ಕಾಳುಮೆಣಸು, ಚಕ್ಕೆ, ಲವಂಗಗಳನ್ನು ಒಂದೊಂದಾಗಿ ಸಣ್ಣ ಉರಿಯಲ್ಲಿ ಹುರಿದು, ಉರಿ ಆರಿಸಿದ ಮೇಲೆ ಗಸಗಸೆಯನ್ನು ಅದೇ ಬಾಣಲೆಯ ಕಾವಿನಲ್ಲಿ ಬೆಚ್ಚಗೆ ಮಾಡಬೇಕು. ಎಲ್ಲವನ್ನೂ ಒಟ್ಟಿಗೆ ಸುರಿದು ಹುರಿದರೆ ಜೀರಿಗೆ ಸೀಯುವಷ್ಟರಲ್ಲಿ ಧನಿಯಾ ಇನ್ನೂ ಹಸಿಯಾಗಿರುತ್ತದೆ. ಎರಡು ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಟೊಮೇಟೊಗಳನ್ನು ಎಣ್ಣೆಯಲ್ಲಿ ಬಾಡಿಸಿ ಆರಿಸಿ, ಮೊದಲು ಪುಡಿ ಮತ್ತು ಹುರಿಗಡಲೆ, ನಂತರ ಕಾಯಿತುರಿ, ಕೊನೆಗೆ ಬಾಡಿಸಿದ್ದು ಮತ್ತು ಕೊತ್ತಂಬರಿ ಸೊಪ್ಪು ಹಾಕಿ ನುಣ್ಣಗೆ ರುಬ್ಬಬೇಕು.

ಆರು ಲೀಟರ್ ಹಿಡಿಯುವ, ತಳ ದಪ್ಪವಿರುವ ಪಾತ್ರೆಯಲ್ಲಿ ಕಡಲೆಕಾಯಿ ಎಣ್ಣೆ ಕಾಯಿಸಿ, ಸಾಸಿವೆ, ಕರಿಬೇವು, ಉಳಿದ ಈರುಳ್ಳಿಯ ಒಗ್ಗರಣೆ ಮಾಡಿ, ರುಬ್ಬಿದ ಮಸಾಲೆ ಹಾಕಿ ಎಣ್ಣೆ ಬಿಡುವವರೆಗೆ ಬಾಡಿಸಬೇಕು. ಇದಕ್ಕೆ ಹದಿನೈದು ನಿಮಿಷ ಬೇಕು, ಇಲ್ಲಿ ಅವಸರ ಮಾಡಿದರೆ ಸಾರಿಗೆ ಕೊನೆಯವರೆಗೂ ಹಸಿವಾಸನೆ ಅಂಟಿಕೊಂಡಿರುತ್ತದೆ. ಬೇಳೆಯನ್ನು ಬೇರೆ ಪಾತ್ರೆಯಲ್ಲಿ, ಸೊಗಡು ಇಳಿಸಿದ ನೀರಿನಲ್ಲಿ, ತೆರೆದೇ ಬೇಯಿಸಬೇಕು. ಕುಕ್ಕರ್ ಕೂಡದು. ಹಿತಕಿದ ಬೇಳೆ ಹನ್ನೆರಡರಿಂದ ಹದಿನೈದು ನಿಮಿಷದಲ್ಲಿ ಬೆಂದುಬಿಡುತ್ತದೆ, ಒಂದು ಕೂಗಿನಲ್ಲಿಯೇ ಕುಕ್ಕರ್ ಅದನ್ನು ಹಿಟ್ಟು ಮಾಡುತ್ತದೆ. ಬೆರಳಿನಲ್ಲಿ ಒತ್ತಿದಾಗ ಒಳಗೆ ಮೆತ್ತಗಿದ್ದು ಹೊರಗೆ ಆಕಾರ ಉಳಿದಿರುವ ಹದದಲ್ಲಿ ಅದನ್ನು ನೀರಿನ ಸಮೇತ ಮಸಾಲೆಗೆ ಸುರಿದು, ಉಪ್ಪು ಹಾಕಿ ಎರಡು ಕುದಿ ಬರಿಸಬೇಕು. ಹುಣಸೆ ರಸ ಕಟ್ಟಕಡೆಗೆ, ಬೇಳೆ ಪೂರ್ತಿ ಬೆಂದ ಮೇಲೆಯೇ ಬೀಳಬೇಕು. ಹುಳಿ ಮೊದಲೇ ಬಿದ್ದರೆ ಯಾವ ಬೇಳೆಯೂ ಬೇಗ ಬೇಯುವುದಿಲ್ಲ. ಹಿತ್ತಾಳೆ ಪಾತ್ರೆಯಲ್ಲಿ ಮಾಡುವ ಆಸೆಯಿದ್ದರೆ ಅದಕ್ಕೆ ಕಲಾಯಿ ಸರಿಯಾಗಿದೆಯೇ ಎಂದು ನೋಡಿಕೊಳ್ಳಿ.

ಈರುಳ್ಳಿ ಬೆಳ್ಳುಳ್ಳಿ ಬೇಡದವರಿಗಾಗಿ ಬೇಳೆ ಬೆಂದ ಕೂಡಲೆ ಎರಡು ಸೌಟು ತೆಗೆದಿಟ್ಟು, ಮೆಣಸು, ಜೀರಿಗೆ, ಕಾಯಿತುರಿ, ತುಪ್ಪದ ಒಗ್ಗರಣೆಯಲ್ಲಿ ಬೇರೆ ಸಾರು ಮಾಡಬಹುದು. ಧನುರ್ಮಾಸದ ಹುಗ್ಗಿಗೆ ಅವರೆಕಾಳು ಹಾಕುವ ಮನೆಗಳಲ್ಲಿ ಈ ರುಚಿ ಎಲ್ಲರಿಗೂ ಪರಿಚಿತ, ಕೆಲವು ವರ್ಷ ಇದೇ ಮೊದಲು ಖಾಲಿಯಾಗಿದೆ.

ಒಲೆಯ ಮುಂದಿನ ರೊಟ್ಟಿ

ಅಕ್ಕಿ ರೊಟ್ಟಿಯನ್ನು ಎಲ್ಲರೂ ಬಂದ ಮೇಲೆಯೇ ಮಾಡಬೇಕು. ಆರಿದ ಅಕ್ಕಿ ರೊಟ್ಟಿ ಗಡುಸಾಗುತ್ತದೆ, ಮತ್ತೆ ಬಿಸಿ ಮಾಡಿದರೆ ಮೊದಲಿನಂತಾಗುವುದಿಲ್ಲ. ಒಂದು ಕಿಲೋ ಅಕ್ಕಿ ಹಿಟ್ಟಿಗೆ ಬೇಯಿಸಿದ ಎಳೆಯ ಅವರೆಕಾಳು, ಎರಡು ಕಟ್ಟು ಸಬ್ಬಸಿಗೆ ಸೊಪ್ಪು, ಅರ್ಧ ಹೋಳು ಕಾಯಿತುರಿ, ಹತ್ತು ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ಬಿಸಿ ನೀರಿನಲ್ಲಿ ಮೆತ್ತಗೆ ಕಲಸಿದರೆ ಸುಮಾರು ಇಪ್ಪತ್ತು ರೊಟ್ಟಿಯಾಗುತ್ತದೆ. ಅವರೆಕಾಳಿಗೆ ಸಬ್ಬಸಿಗೆಯಷ್ಟು ಹೊಂದುವ ಸೊಪ್ಪು ಇನ್ನೊಂದಿಲ್ಲ. ಅದು ಸಿಗದಿದ್ದರೆ ಬೇರೆ ಸೊಪ್ಪು ಹಾಕುವ ಬದಲು ಬರೀ ಕಾಳಿನ ರೊಟ್ಟಿ ಮಾಡುವುದೇ ಸರಿ ಎಂದು ನನ್ನ ಅಭಿಪ್ರಾಯ.

ಹಿಟ್ಟನ್ನು ತಣ್ಣನೆಯ ಬಾಣಲೆಯಲ್ಲಿ ಎಣ್ಣೆ ಸವರಿ ತಟ್ಟಿ, ಬೆರಳಿನಿಂದ ಐದಾರು ತೂತು ಮಾಡಿ, ತೂತಿಗೆ ಎಣ್ಣೆ ಬಿಟ್ಟು ಮುಚ್ಚಿ ಬೇಯಿಸುವುದು ಕ್ರಮ. ಬಿಸಿ ಬಾಣಲೆಯಲ್ಲಿ ತಟ್ಟಲಾಗದು, ಆರಿಸುತ್ತ ಕುಳಿತರೆ ಹನ್ನೆರಡು ಮಂದಿಗೆ ಹೊತ್ತು ಸಾಲದು. ಆದ್ದರಿಂದ ಮೂರು ಬಾಣಲೆ ಇಟ್ಟುಕೊಂಡು, ಒಂದು ಬೇಯುತ್ತಿರುವಾಗ ಇನ್ನೊಂದರ ತಳವನ್ನು ನೀರಿಗೆ ಹಿಡಿದು ಆರಿಸಿ ಮೂರನೆಯದರಲ್ಲಿ ತಟ್ಟುತ್ತಿರಬೇಕು. ಕಬ್ಬಿಣದ ಎರಕದ ಬಾಣಲೆಯಾದರೆ ಹಠಾತ್ ನೀರಿಗೆ ಬಿರುಕು ಬಿಡಬಹುದು, ಅದಕ್ಕೆ ಬಾಳೆಎಲೆಯ ಮೇಲೆ ತಟ್ಟಿ ಕಾವಲಿಗೆ ಬೋರಲು ಹಾಕುವ ಪದ್ಧತಿಯೇ ಸೂಕ್ತ. ಎಲ್ಲರೂ ಒಲೆಯ ಸುತ್ತ ನಿಂತು, ತಟ್ಟೆಯಲ್ಲಿ ಅರ್ಧರ್ಧ ರೊಟ್ಟಿಯನ್ನು ಬೆಣ್ಣೆ ಮತ್ತು ಹುಚ್ಚೆಳ್ಳು ಚಟ್ನಿಪುಡಿಯ ಜೊತೆ ಆಗಲೇ ತಿನ್ನಬೇಕು. ಬೆಣ್ಣೆಯಲ್ಲಿ ಕಂಜೂಸುತನ ಬೇಡ. ವರ್ಷಕ್ಕೊಂದು ದಿನದ ಊಟದಲ್ಲಿ ಒಬ್ಬರಿಗೆ ಒಂದು ನಿಂಬೆಗಾತ್ರದ ಬೆಣ್ಣೆ ಹೆಚ್ಚಲ್ಲ.

ಕರಿದ ಬೇಳೆ

ಇದನ್ನು ಮನೆಯಿಂದ ತರುವವರು ಒಂದು ಎಚ್ಚರ ವಹಿಸಬೇಕು. ಹಿತಕಿದ ಬೇಳೆಯನ್ನು ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಗಾಳಿಯಲ್ಲಿ ನಾಲ್ಕು ಗಂಟೆಯಾದರೂ ಆರಿಸಿ, ಕೈಗೆ ತೇವ ತಾಗದಂತಾದ ಮೇಲೆಯೇ ಎಣ್ಣೆಗೆ ಬಿಡಬೇಕು. ನೀರಿನ ಅಂಶ ಉಳಿದ ಬೇಳೆ ಎಣ್ಣೆಯಲ್ಲಿ ಸಿಡಿಯುತ್ತದೆ, ಮುಖಕ್ಕೆ ಹಾರುತ್ತದೆ. ಒಂದು ಸಲಕ್ಕೆ ಒಂದು ಹಿಡಿಯಷ್ಟೇ ಹಾಕಿ, ನೊರೆ ಇಳಿದು ಸದ್ದು ನಿಂತ ಕೂಡಲೆ ಜಾಲರಿಯಲ್ಲಿ ಎತ್ತಬೇಕು. ಬಣ್ಣ ಕೆಂಪಾಗುವವರೆಗೆ ಕಾದರೆ ಕಹಿಯಾಗಿಬಿಡುತ್ತದೆ. ಕರಿಬೇವು, ಜಜ್ಜಿದ ಬೆಳ್ಳುಳ್ಳಿ, ಕೊಬ್ಬರಿ ಚೂರು, ಹುರಿಗಡಲೆಗಳನ್ನು ಅದೇ ಎಣ್ಣೆಯಲ್ಲಿ ಬೇರೆ ಬೇರೆ ಕರಿದು, ಬಿಸಿ ಇರುವಾಗಲೇ ಉಪ್ಪು, ಖಾರದ ಪುಡಿ, ಚಿಟಿಕೆ ಇಂಗು ಬೆರೆಸಿದರೆ ಮುಚ್ಚಿದ ಡಬ್ಬಿಯಲ್ಲಿ ಎರಡು ವಾರ ಗರಿಗರಿಯಾಗಿರುತ್ತದೆ.

ಸಿಹಿ

ಬೆಂಗಳೂರಿನಲ್ಲಿ ಅವರೆಯ ಕಾಲದಲ್ಲಿ ನಡೆಯುತ್ತ ಬಂದ ಅವರೆ ಮೇಳದಲ್ಲಿ ಅವರೆಬೇಳೆಯ ಜಿಲೇಬಿ, ಒಬ್ಬಟ್ಟುಗಳನ್ನು ತಿಂದವರು ಮನೆಯಲ್ಲಿಯೂ ಮಾಡಬೇಕೆಂದು ಹಂಬಲಿಸುವುದು ಸಹಜ. ಜಿಲೇಬಿಯನ್ನು ಮನೆಯಲ್ಲಿ ಮಾಡಿ ನೋಡಿ ನಾವು ಕೈಬಿಟ್ಟೆವು, ಒಬ್ಬಟ್ಟನ್ನು ಉಳಿಸಿಕೊಂಡೆವು. ಹಸಿ ಅವರೆಬೇಳೆಯಲ್ಲಿ ನೀರಿನ ಅಂಶ ಹೆಚ್ಚಿರುವುದರಿಂದ ಬರೀ ಅದರಿಂದಲೇ ಮಾಡಿದ ಹೂರಣ ಸಡಿಲವಾಗಿ, ತಟ್ಟುವಾಗ ಕಣಕದಿಂದ ಹೊರಬರುತ್ತದೆ. 500 ಗ್ರಾಂ ಅವರೆಬೇಳೆಗೆ 250 ಗ್ರಾಂ ತೊಗರಿಬೇಳೆ ಸೇರಿಸಿದ ಮೇಲೆ ನಮಗೆ ಹದ ಸಿಕ್ಕಿತು. ಎರಡನ್ನೂ ಬೇರೆಯಾಗಿ ಬೇಯಿಸಿ, ಕಟ್ಟು ಬಸಿದು, 500 ಗ್ರಾಂ ಬೆಲ್ಲ ಮತ್ತು ಒಂದು ಕಾಯಿಯ ತುರಿಯ ಜೊತೆ ತಿರುವುತ್ತ ನೀರು ಪೂರ್ತಿ ಆರುವವರೆಗೆ ಕಾಯಿಸಿ, ಏಲಕ್ಕಿ ಹಾಕಿ ನುಣ್ಣಗೆ ರುಬ್ಬಬೇಕು. ಚಿರೋಟಿ ರವೆ ಮತ್ತು ಮೈದಾ ತಲಾ 250 ಗ್ರಾಂ ಬೆರೆಸಿ, ಅರಿಶಿನ ಹಾಕಿ ಮೆತ್ತಗೆ ಕಲಸಿ, ಮೇಲೆ ಎಣ್ಣೆ ಸುರಿದು ಮೂರು ಗಂಟೆ ನೆನೆಯಲು ಬಿಟ್ಟರೆ ಕಣಕ ರಬ್ಬರಿನಂತೆ ಎಳೆಯುತ್ತದೆ. ಇದರಲ್ಲಿ 30ರಿಂದ 35 ಒಬ್ಬಟ್ಟು ಆಗುತ್ತವೆ. ಬಸಿದ ತೊಗರಿಕಟ್ಟನ್ನು ಚೆಲ್ಲಬೇಡಿ, ಸ್ವಲ್ಪ ಹೂರಣ ಕದಡಿ ಹುಣಸೆ, ಸಾರಿನ ಪುಡಿ ಹಾಕಿದರೆ ಸಂಜೆಯವರೆಗೆ ಉಳಿದವರಿಗೆ ಒಬ್ಬಟ್ಟಿನ ಸಾರಾಗುತ್ತದೆ.

ಬಡಿಸುವುದು

ರೊಟ್ಟಿ ಒಲೆಯ ಬಳಿ ಮುಗಿದ ಮೇಲೆ ಅರ್ಧ ಗಂಟೆ ಬಿಟ್ಟು ಎಲೆ ಹಾಕಬೇಕು. ಮುದ್ದೆ ಮಾಡುವವರು ಅದರಲ್ಲಿ ಕೈ ಪಳಗಿದವರೇ ಆಗಿರಬೇಕು, ಹನ್ನೆರಡು ಮಂದಿಯ ಹಿಟ್ಟನ್ನು ತೊಳಸುವುದು ತೋಳಿನ ಕೆಲಸ. ಒಂದು ಕಿಲೋ ರಾಗಿ ಹಿಟ್ಟಿಗೆ ಎರಡು ಪಟ್ಟಿಗಿಂತ ತುಸು ಹೆಚ್ಚು ನೀರು ಹಿಡಿಯುತ್ತದೆ. ಎಲೆಗೆ ಮೊದಲು ಉಪ್ಪು, ಉಪ್ಪಿನಕಾಯಿ, ಕರಿದ ಬೇಳೆ, ಆ ವರ್ಷದ ಹೊಸ ಪದಾರ್ಥ ಬರಲಿ. ಹೊಸ ಪದಾರ್ಥವನ್ನು ಹಸಿವು ಚುರುಕಾಗಿರುವಾಗಲೇ ಬಡಿಸಿದರೆ ಅದಕ್ಕೆ ನ್ಯಾಯ ಸಿಗುತ್ತದೆ. ನಂತರ ಮುದ್ದೆ ಮತ್ತು ಸಾರು, ಅನಂತರ ತುಪ್ಪದಲ್ಲಿ ನೆನೆದ ಒಬ್ಬಟ್ಟು, ಆಮೇಲೆ ಸ್ವಲ್ಪ ಅನ್ನ ಸಾರು, ಕೊನೆಗೆ ಶುಂಠಿ ಕರಿಬೇವಿನ ಮಜ್ಜಿಗೆ. ಬಡಿಸುವವರು ಎರಡು ಪಂಕ್ತಿಗೆ ಬದಲಾಗಬೇಕು, ಒಬ್ಬರೇ ಕೊನೆಯವರೆಗೆ ಓಡಾಡಿ ಆರಿದ ಊಟ ಮಾಡುವಂತಾಗಬಾರದು.

ರುಚಿ ನೋಡಿದವರು ಅಭಿಪ್ರಾಯ ಹೇಳುವ ರೀತಿಗೂ ಒಂದು ಕ್ರಮವಿದೆ. ‘ಚೆನ್ನಾಗಿದೆ’ ಎಂಬ ಒಂದೇ ಮಾತು ಮಾಡಿದವರಿಗೆ ಏನನ್ನೂ ಕಲಿಸುವುದಿಲ್ಲ. ಉಪ್ಪು, ಹುಳಿ, ಖಾರ, ಬೆಂದ ಹದ, ಮಸಾಲೆಯಲ್ಲಿ ಮುಂದೆ ಬಂದದ್ದು ಯಾವುದು ಎಂದು ಬಿಡಿಸಿ ಹೇಳುವಂತೆ ನಾವು ಕೇಳಿಕೊಳ್ಳುತ್ತೇವೆ. ಪ್ರತಿ ಪದಾರ್ಥದ ಅಳತೆಯನ್ನೂ ಮಾಡಿದವರೇ ಒಂದು ನೋಟ್‌ಪುಸ್ತಕದಲ್ಲಿ ತಮ್ಮ ಕೈಬರಹದಲ್ಲಿ ಬರೆಯುತ್ತಾರೆ, ‘ಕಣ್ಣಂದಾಜು’ ಎಂದು ಬರೆಯಲು ಅವಕಾಶವಿಲ್ಲ. ಅಜ್ಜಿಯ ಅಳತೆಗಳಿಗಾಗಿ ಒಬ್ಬರು ಪಕ್ಕದಲ್ಲಿ ನಿಂತು, ಅವರ ಹಿಡಿಯಲ್ಲಿ ಬಂದದ್ದನ್ನು ಪಾತ್ರೆಗೆ ಬೀಳುವ ಮೊದಲೇ ತೂಗಿ ಬರೆದುಕೊಂಡಿದ್ದಾರೆ. ಖರ್ಚಿನ ಲೆಕ್ಕವೂ ಅದೇ ಪುಸ್ತಕದ ಕೊನೆಯ ಪುಟಗಳಲ್ಲಿದೆ, ಸಾಮಾನಿನ ಹಣವನ್ನು ಅಂದೇ ಎಲ್ಲರೂ ಸಮವಾಗಿ ಹಂಚಿಕೊಳ್ಳುತ್ತೇವೆ.

ಊರು ಬಿಟ್ಟವರಿಗೆ

ಹೊರದೇಶಗಳಲ್ಲಿರುವ ಕನ್ನಡಿಗರು ಸಂಕ್ರಾಂತಿಯ ಹೊತ್ತಿಗೆ ಇಂಥ ಊಟವನ್ನು ಮಾಡಲು ಬಯಸಿದರೆ, ಭಾರತೀಯ ಅಂಗಡಿಗಳಲ್ಲಿ ಗುಜರಾತಿನವರು ಸುರ್ತಿ ಪಾಪಡಿ ಲಿಲ್ವ ಎಂದು ಕರೆಯುವ ಹೆಪ್ಪುಗಟ್ಟಿಸಿದ ಕಾಳು ಸಿಗುತ್ತದೆ. ಅದು ಅವರೆಯ ಕಾಳೇ. ಪೊಟ್ಟಣದ ಮಂಜು ಕರಗಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಸ್ವಲ್ಪ ಹೊತ್ತು ಇಟ್ಟರೆ ಹಿತಕಲು ಬರುತ್ತದೆ. ಸೊಗಡನ್ನು ನಿರೀಕ್ಷಿಸುವಂತಿಲ್ಲ. ಆದ್ದರಿಂದ ಮಸಾಲೆಯಲ್ಲಿ ಗಸಗಸೆ ಮತ್ತು ಕೊತ್ತಂಬರಿ ಸೊಪ್ಪನ್ನು ಸ್ವಲ್ಪ ಏರಿಸಬಹುದು, ಆದರೆ ಗಸಗಸೆಯನ್ನು ನಿಷೇಧಿಸಿರುವ ದೇಶಗಳಲ್ಲಿರುವವರು ಅದರ ಬದಲು ಗೋಡಂಬಿ ರುಬ್ಬಿ ಹಾಕಬೇಕು.

ಉಳಿದದ್ದು

ಸಾರು ಉಳಿದರೆ ಮತ್ತೊಮ್ಮೆ ಚೆನ್ನಾಗಿ ಕುದಿಸಿ, ಬೇಗ ಆರಲೆಂದು ಅಗಲ ಪಾತ್ರೆಗೆ ಸುರಿದು, ನಂತರ ಡಬ್ಬಿಗಳಿಗೆ ಹಂಚಿ ಫ್ರಿಜ್‌ಗೆ ಸೇರಿಸಬೇಕು. ಮರುದಿನ ಬೆಳಗ್ಗೆ ಒತ್ತು ಶ್ಯಾವಿಗೆಯ ಜೊತೆ ಆ ಸಾರು ಮೊದಲ ದಿನಕ್ಕಿಂತ ಚೆನ್ನಾಗಿರುತ್ತದೆ, ಮಸಾಲೆ ಅಷ್ಟರಲ್ಲಿ ಬೇಳೆಯೊಳಗೆ ಇಳಿದಿರುತ್ತದೆ. ಹೊರಡುವವರು ಖಾಲಿ ಡಬ್ಬಿ ತರುವಂತೆ ಮೊದಲೇ ಹೇಳಿಟ್ಟಿದ್ದರೆ ಪಾತ್ರೆ ಹುಡುಕುವ ಕೆಲಸ ತಪ್ಪುತ್ತದೆ. ಒಬ್ಬಟ್ಟನ್ನು ಒಂದರ ಮೇಲೊಂದು ಬಿಸಿಯಾಗಿ ಪೇರಿಸದೆ, ಆರಿದ ಮೇಲೆ ನಡುವೆ ಬಾಳೆಎಲೆಯ ತುಂಡು ಇಟ್ಟು ಕಟ್ಟಿಕೊಡಿ. ಅವರೆ ಸಿಪ್ಪೆಯ ಎರಡು ಮೂಟೆಯನ್ನು ನಾವು ಹಾಲು ತರುವವರ ಕೈಯಲ್ಲಿ ಅವರ ಹಸುಗಳಿಗೆ ಕಳಿಸುತ್ತೇವೆ. ಮುಂದಿನ ವರ್ಷ ಕಾಯಿ ಯಾವಾಗ ಬಿಡಿಸುತ್ತೀರಿ ಎಂದು ಅವರು ಡಿಸೆಂಬರ್ ಮೊದಲ ವಾರದಿಂದಲೇ ಕೇಳಲು ಶುರುಮಾಡುತ್ತಾರೆ.